ಗರ್ಡರ್ ತುದಿಗೆ ಬೆಡ್ ಬ್ಲಾಕ್: ಅಳತೆ ಹೇಗೆ?

ಕೊಪ್ಪಳದಲ್ಲಿ ಹಳೇ ಮನೆಯ ಎರಡು ಕೋಣೆ ಸೇರಿಸಿ ಪಡಸಾಲೆ ಮಾಡಿಸುವವರು ನಡುಗೋಡೆ ತೆಗೆದು, ಛಾವಣಿ ಹೊರಲು ಕಬ್ಬಿಣದ ಗರ್ಡರ್ ಕೂಡಿಸುತ್ತಾರೆ. ಗರ್ಡರ್ ಎಷ್ಟು ಇಂಚಿನದು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಅದರ ತುದಿ ಕೂರುವಲ್ಲಿ ಮಾತ್ರ ಗೌಂಡಿ ಕೈಗೆ ಸಿಕ್ಕ ಫರಸಿ ತುಂಡು ಇಟ್ಟರೂ ಯಾರೂ ಕೇಳುವುದಿಲ್ಲ. ಬಿರುಕು ಇಳಿಯುವುದು ಅಲ್ಲಿಂದಲೇ. ಅಲ್ಲಿ ಬೇಕಿರುವುದು ಬೆಡ್ ಬ್ಲಾಕ್, ಅಂದರೆ ಗರ್ಡರ್ ತುದಿಯ ಭಾರವನ್ನು ಗೋಡೆಯ ಮೇಲೆ ಅಗಲವಾಗಿ ಹರಡುವ ಕಾಂಕ್ರೀಟ್ ದಿಮ್ಮಿ.

ಮೊದಲು ಭಾರ ಲೆಕ್ಕ ಹಾಕಿ. 12 ಅಡಿ ಗರ್ಡರ್, ಅದರ ಪಾಲಿಗೆ 10 ಅಡಿ ಅಗಲದ ಛಾವಣಿ ಎಂದುಕೊಳ್ಳೋಣ. 5 ಇಂಚಿನ ಆರ್‌ಸಿಸಿ, ಮೇಲಿನ ಗಾರೆ, ಓಡಾಡುವ ಜನ ಎಲ್ಲ ಸೇರಿ ಚದರಡಿಗೆ ಸುಮಾರು 55 ಕಿಲೋ ಹಿಡಿದರೆ ಒಟ್ಟು 6,600 ಕಿಲೋ. ಒಂದು ತುದಿಗೆ 3,300.

ಇನ್ನು ಗೋಡೆ. ಸಾಧಾರಣ ಇಟ್ಟಿಗೆ, 1:6 ಸಿಮೆಂಟ್ ಗಾರೆಯ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಗೋಡೆಗೆ ಚದರ ಸೆಂಟಿಮೀಟರಿಗೆ 3.5 ಕಿಲೋ ಒತ್ತಡ ಹಿಡಿಯುವುದು ಕ್ಷೇಮ. ಹೀಗೆ ಒಂದೇ ಕಡೆ ಭಾರ ಬೀಳುವಲ್ಲಿ, ಇಟ್ಟಿಗೆ-ಕಲ್ಲಿನ ಗೋಡೆಗಳಿಗಿರುವ ಭಾರತೀಯ ಮಾನಕ ಐಎಸ್ 1905 ಇದಕ್ಕಿಂತ ಹೆಚ್ಚು ಒಪ್ಪುತ್ತದೆ. ನಾನು ಆ ಹೆಚ್ಚಳವನ್ನು ಮುಟ್ಟುವುದಿಲ್ಲ. ಗೋಡೆ ಮೊದಲೇ ಹೊತ್ತಿರುವ ಭಾರಕ್ಕೆ ಅದು ಇರಲಿ. 10 ಸೆಂ.ಮೀ. ಅಗಲದ ಗರ್ಡರ್ 23 ಸೆಂ.ಮೀ. ಗೋಡೆಯ ಮೇಲೆ ನೇರವಾಗಿ ಕೂತರೆ ಒತ್ತಡ 14 ಕಿಲೋ ದಾಟುತ್ತದೆ, ನಾಲ್ಕು ಪಟ್ಟು!

3,300ನ್ನು 3.5ರಿಂದ ಭಾಗಿಸಿದರೆ 943 ಚದರ ಸೆಂ.ಮೀ. ಅದನ್ನು ಗೋಡೆಯ ದಪ್ಪ 23ರಿಂದ ಭಾಗಿಸಿದರೆ 41. ಅಂದರೆ ಗೋಡೆಯುದ್ದಕ್ಕೆ 45 ಸೆಂ.ಮೀ., ಒಂದೂವರೆ ಅಡಿ ಬ್ಲಾಕ್ ಬೇಕು.

ಎತ್ತರದಲ್ಲೇ ಹೆಚ್ಚಿನವರು ಎಡವುವುದು. ಭಾರ ಕಾಂಕ್ರೀಟಿನೊಳಗೆ 45 ಡಿಗ್ರಿ ಓರೆಯಾಗಿ ಹರಡುತ್ತದೆ. ಗರ್ಡರಿನ ಅಂಚಿನಿಂದ ಬ್ಲಾಕ್ ಎರಡೂ ಬದಿಗೆ 17.5 ಸೆಂ.ಮೀ. ಚಾಚಿದ್ದರೆ ಎತ್ತರವೂ ಅಷ್ಟಾದರೂ ಇರಬೇಕು. ಮೂರು ಇಟ್ಟಿಗೆ ವರಸೆ, 9 ಇಂಚು ಮಾಡಿ, ಕಟ್ಟಡಕ್ಕೂ ಸರಿಹೊಂದುತ್ತದೆ. ತೆಳು ಫರಸಿ ಎಷ್ಟೇ ಅಗಲವಿದ್ದರೂ ನಡುವೆ ಮುರಿಯುತ್ತದೆ. ದಪ್ಪ ಗ್ರಾನೈಟ್ ಸೈಜ್ ಕಲ್ಲಾದರೆ ನಡೆದೀತು, ನಮ್ಮ ಕಡೆ ಅದಕ್ಕೇನು ಬರವೇ?

ಬ್ಲಾಕಿನ ಪಕ್ಕದಲ್ಲೇ ಕಿಟಕಿ ಇದ್ದರೆ ಈ ಲೆಕ್ಕ ಸಾಲದು. ಮಣ್ಣಿನ ಗಾರೆಯ ಮಾಳಿಗೆ ಮನೆಗಂತೂ ಹಚ್ಚಲೇಬೇಡಿ. ಎಂಜಿನಿಯರ್ ಬಂದು ನೋಡಲಿ.

ಛಾವಣಿಗೆ ಜಾಕ್ (ತಾತ್ಕಾಲಿಕ ಆಧಾರದ ಕಂಬ) ಕೊಟ್ಟ ಮೇಲೆಯೇ ಗೋಡೆಗೆ ಕೈ ಹಾಕಿ. ಗೂಡು ಕೊರೆದು, ಇಟ್ಟಿಗೆ ನೆನೆಸಿ, 1:1.5:3 ಕಾಂಕ್ರೀಟ್ (ಸಿಮೆಂಟ್, ಮರಳು, ಜಲ್ಲಿ) ಅಲ್ಲೇ ತುಂಬಿಸಿ. ನಮ್ಮ ಬಿಸಿಲಿಗೆ ಹತ್ತು ದಿನ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಆಮೇಲೆ ಗರ್ಡರ್. ಅದರ ಮೇಲಿನ ಸಂದಿಗೆ ಗಟ್ಟಿ ಗಾರೆ ಜಡಿದು, ಅದು ಗಟ್ಟಿಯಾದ ಬಳಿಕ ಜಾಕ್ ಒಂದೊಂದಾಗಿ ಇಳಿಸಿ.