ಗಿಟಾರ್ ಕಲಿಯೋಕೆ ಮೇಷ್ಟ್ರು ಬೇಕಾ, ಸ್ವಂತವಾಗಿ ಕಲಿತರೆ ಸಾಕಾ?

ಗಿಟಾರ್ ಕೊಂಡವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರಗಳು ಎರಡು ಕಡೆಯಿಂದಲೂ ಜೋರಾಗಿಯೇ ಬರುತ್ತವೆ. ಕ್ಲಾಸಿಗೆ ಹೋದವರು ಮೇಷ್ಟ್ರಿಲ್ಲದೆ ಆಗುವ ಮಾತೇ ಅಲ್ಲ ಅನ್ನುತ್ತಾರೆ. ಸ್ವಂತ ಕಲಿತವರು ಸುಮ್ನೆ ದುಡ್ಡು ದಂಡ ಅನ್ನುತ್ತಾರೆ.

ನನ್ನ ಲೆಕ್ಕ ಸ್ವಲ್ಪ ಬೇರೆ. ಯಾವ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಯಾವ ಬೆರಳು ಎಲ್ಲಿ ಇಡಬೇಕು, ಯಾವ ಹಾಡಿಗೆ ಯಾವ ಕಾರ್ಡ್‌ಗಳು, ಸ್ಕೇಲ್ ಅಂದರೆ ಏನು, ಇದನ್ನೆಲ್ಲ ತಿಳಿಯಲು ಇವತ್ತು ಯಾರಿಗೂ ಫೀಸು ಕಟ್ಟಬೇಕಾಗಿಲ್ಲ, ಫೋನಿನಲ್ಲೇ ಬೇಕಾದಷ್ಟು ಸಿಗುತ್ತದೆ. ಆದರೆ ನೀವು ನುಡಿಸುವಾಗ ಪಕ್ಕದಲ್ಲಿ ಕೂತು, ನಿಮ್ಮ ಕೈ ನೋಡಿ, ನಿಮ್ಮ ತಾಳ ಕೇಳಿ, 'ಇಗೋ ಇಲ್ಲಿ ತಪ್ಪಿತು' ಅನ್ನುವವರು ಫೋನಿನಲ್ಲಿ ಸಿಗುವುದಿಲ್ಲ. ನಿಮ್ಮನ್ನು ಕೇಳಿಸಿಕೊಳ್ಳುವವರು ಯಾರು ಅಂತ ಮೊದಲು ಯೋಚಿಸಿ. ಕ್ಲಾಸು ಬೇಕೋ ಬೇಡವೋ ಆಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ಈ ವಾದದಲ್ಲಿ ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರು ಬಂದೇ ಬರುತ್ತದೆ. ಹೌದು, ಆತ ಸ್ವಂತವಾಗಿ ಕಲಿತವನು, ನೊಟೇಶನ್ (ಬರೆದ ಸ್ವರಲಿಪಿ) ಓದಲು ಬರುತ್ತಿರಲಿಲ್ಲ. ಆದರೆ 1966ರಲ್ಲಿ ಲಂಡನ್ನಿಗೆ ಹೋಗುವ ಮುಂಚೆ ಆತ ವರ್ಷಗಟ್ಟಲೆ ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಅಂಥ ಗಾಯಕರ ಹಿಂದೆ ನಿಂತು ನುಡಿಸಿದ್ದ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅಂಥ ಬ್ಯಾಂಡಿನಲ್ಲಿ ತಾಳ ತಪ್ಪಿದರೆ ಆ ಕ್ಷಣಕ್ಕೇ ಗೊತ್ತಾಗುತ್ತದೆ, ಯಾರೂ ಸಮಾಧಾನವಾಗಿ ಹೇಳಿಕೊಡುವುದಿಲ್ಲ ಅಷ್ಟೇ. ಇನ್ನೊಂದು ಕಡೆ ಹೆಸರಾಂತ ಗಿಟಾರ್ ವಾದಕರಾದ ಸ್ಟೀವ್ ವೈ ಮತ್ತು ಮೆಟಾಲಿಕಾ ಬ್ಯಾಂಡಿನ ಕಿರ್ಕ್ ಹ್ಯಾಮೆಟ್ ಇಬ್ಬರೂ ಪಾಠ ಹೇಳಿಸಿಕೊಂಡದ್ದು ಇನ್ನೊಬ್ಬ ಗಿಟಾರ್ ವಾದಕ ಜೋ ಸಾಟ್ರಿಯಾನಿ ಹತ್ತಿರ. ಆ ಸಾಟ್ರಿಯಾನಿಯೂ ಲೆನ್ನಿ ಟ್ರಿಸ್ಟಾನೊ ಅನ್ನುವ ಜಾಝ್ ಪಿಯಾನೋ ವಾದಕನ ಹತ್ತಿರ ಪಾಠಕ್ಕೆ ಹೋಗಿದ್ದವನೇ. ಪಿಯಾನೋ ವಾದಕನ ಹತ್ತಿರ! ಬೆರಳು ಎಲ್ಲಿಡಬೇಕು ಅಂತ ಕೇಳಲು ಹೋಗಿರಲಿಕ್ಕಿಲ್ಲ, ಅಲ್ವಾ?

ನಿಮಗೇ ಕಾಣದ ತಪ್ಪುಗಳು

ಮೊದಲು ಎಡಗೈ ನೋಡೋಣ. (ಎಡಚರು ತಿರುಗಿಸಿ ಓದಿಕೊಳ್ಳಿ.) ಬೆರಳು ಫ್ರೆಟ್ಟಿನ, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಯ ಹಿಂದೆ, ಅದಕ್ಕೆ ಅಂಟಿಕೊಂಡ ಹಾಗೆ ಕೂರಬೇಕು. ಎರಡು ಪಟ್ಟಿಗಳ ಮಧ್ಯದಲ್ಲಿ ಒತ್ತಿದರೆ ತಂತಿ ಜಿರ್ ಅನ್ನುತ್ತದೆ. ಆಗ ಹೊಸಬರು ಬೆರಳು ಸರಿಸುವುದಿಲ್ಲ, ಇನ್ನೂ ಗಟ್ಟಿಯಾಗಿ ಒತ್ತುತ್ತಾರೆ. ಗಟ್ಟಿ ಒತ್ತಿದರೆ ಸ್ವರ ಸ್ವಲ್ಪ ಮೇಲೇರುತ್ತದೆ, ಹೆಬ್ಬೆರಳು ನೋಯುತ್ತದೆ, ಕಾರ್ಡ್ ಬದಲಿಸುವಾಗ ಕೈ ಬಿಟ್ಟು ಬರುವುದೇ ಇಲ್ಲ. ಹೀಗೆ ಆರು ತಿಂಗಳು ನುಡಿಸಿದವರು 'ನನ್ನ ಕೈಗೆ ಸ್ಪೀಡು ಬರ್ತಿಲ್ಲ' ಅಂತ ಬಂದು ಕೂರುತ್ತಾರೆ. ನೋಡಬಲ್ಲವರು ಒಂದು ನಿಮಿಷ ನೋಡಿದರೆ ಸಾಕು ಕಾರಣ ಗೊತ್ತಾಗುತ್ತದೆ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಒಂದು ತಂತಿಯ ಮೇಲೆ ಬೆರಳು ಸುಮ್ಮನೆ ಇಟ್ಟು, ಇನ್ನೊಂದು ಕೈಯಲ್ಲಿ ಮೀಟುತ್ತಾ, ನಿಧಾನಕ್ಕೆ ಒತ್ತುತ್ತಾ ಹೋಗಿ. ಸದ್ದು ಎಲ್ಲಿ ತಿಳಿಯಾಗುತ್ತದೋ ಅಷ್ಟೇ ಬಲ ಸಾಕು. ಇಷ್ಟು ಕಮ್ಮಿಯಾ ಅಂತ ಆಶ್ಚರ್ಯವಾಗುತ್ತದೆ.

ನೋವಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಕೆಲವು ವಾರ ಬೆರಳ ತುದಿ ಉರಿಯುವುದು ಮಾಮೂಲು, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟು, ಮುಂಗೈ ನೋಯುತ್ತಿದ್ದರೆ ಅಥವಾ ಬೆರಳು ಜೋಮು ಹಿಡಿಯುತ್ತಿದ್ದರೆ ಅದು ಮಾಮೂಲಲ್ಲ. ನುಡಿಸುವುದು ನಿಲ್ಲಿಸಿ, ಕೂರುವ ಮತ್ತು ಹಿಡಿಯುವ ರೀತಿಯನ್ನು ಯಾರಿಗಾದರೂ ತೋರಿಸಿ. ಆಮೇಲೂ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಕಾರ್ಡ್ ಬದಲಿಸುವುದರಲ್ಲೂ ಇಂಥದ್ದೇ ಒಂದು ವಿಷಯವಿದೆ. ಎ ಮೈನರ್ ಹಿಡಿಯಿರಿ (ತಂತಿ ಎಣಿಸುವುದು ಸಣ್ಣದರಿಂದ ದಪ್ಪದ ಕಡೆಗೆ): ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ, ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ, ಉಂಗುರದ ಬೆರಳು ಮೂರನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ. ಈಗ ಸಿ ಮೇಜರ್‌ಗೆ ಹೋಗಬೇಕು. ಉಂಗುರದ ಬೆರಳನ್ನು ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ಒಯ್ದರೆ ಮುಗಿಯಿತು. ಉಳಿದ ಎರಡು ಬೆರಳು ಅಲ್ಲಾಡುವ ಹಾಗೇ ಇಲ್ಲ. ಆದರೆ ಎರಡು ಕಾರ್ಡ್‌ಗಳನ್ನು ಬೇರೆ ಬೇರೆ ಚಿತ್ರ ನೋಡಿ ಕಲಿತವರು ಮೂರೂ ಬೆರಳು ಎತ್ತಿ, ಗಾಳಿಯಲ್ಲಿ ಯೋಚಿಸಿ, ಮತ್ತೆ ಮೂರನ್ನೂ ಇಡುತ್ತಾರೆ. ಚಿತ್ರದಲ್ಲಿ ಬೆರಳು ಎಲ್ಲಿರಬೇಕು ಅಂತ ಇರುತ್ತದೆ, ಹೇಗೆ ಹೋಗಬೇಕು ಅಂತ ಇರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕೈಕೊಡುವುದು ಬಲಗೈ. ಎಲ್ಲರ ಕಣ್ಣೂ ಎಡಗೈ ಮೇಲಿರುವುದರಿಂದ ಬಲಗೈಯನ್ನು ಯಾರೂ ವಿಚಾರಿಸುವುದಿಲ್ಲ. ತುಂಬಾ ಹಾಡುಗಳಿಗೆ ಹೊಂದುವ ಒಂದು ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಮೀಟುವ ವರಸೆ) ಇದೆ, ಕೆಳಗೆ, ಕೆಳಗೆ, ಮೇಲೆ, ಮೇಲೆ, ಕೆಳಗೆ, ಮೇಲೆ. ಇದನ್ನು ಆರು ಹೊಡೆತ ಅಂತ ಬಾಯಿಪಾಠ ಮಾಡಿದರೆ ಜನ್ಮದಲ್ಲಿ ಸರಿಬರುವುದಿಲ್ಲ, ಯಾಕೆಂದರೆ ಕೈ ಓಡುವುದು ಎಂಟು ಸಲ. 'ಒಂದು ಮತ್ತು ಎರಡು ಮತ್ತು ಮೂರು ಮತ್ತು ನಾಲ್ಕು ಮತ್ತು' ಅಂತ ಎಣಿಸಿ. ಅಂಕೆ ಬಂದಾಗಲೆಲ್ಲ ಕೈ ಕೆಳಗೆ, 'ಮತ್ತು' ಬಂದಾಗಲೆಲ್ಲ ಮೇಲೆ, ಒಮ್ಮೆಯೂ ನಿಲ್ಲಬಾರದು. ಮೊದಲ 'ಮತ್ತು'ವಿನಲ್ಲಿ ಕೈ ತಂತಿ ಮುಟ್ಟದೆ ಮೇಲೆ ಹೋಗುತ್ತದೆ, 'ಮೂರು' ಅಂದಾಗ ಮುಟ್ಟದೆ ಕೆಳಗೆ ಬರುತ್ತದೆ. ಆ ಎರಡು ಖಾಲಿ ಓಟದಲ್ಲೇ ಹಾಡಿನ ಲಯ ಇರುವುದು. ಕಾರ್ಡ್ ಬದಲಾಗುವಾಗಲೂ ಬಲಗೈ ನಿಲ್ಲಬಾರದು, ಎಡಗೈ ತಡವಾದರೆ ಆಗಲಿ, ಎರಡು ತಂತಿ ತೆರೆದೇ ಮೊಳಗಲಿ. ಸ್ವಂತ ಕಲಿತವರಲ್ಲಿ ಬಹುಪಾಲು ಜನ ಪ್ರತಿ ಕಾರ್ಡ್ ಬಂದಾಗಲೂ ಅರೆಕ್ಷಣ ನಿಲ್ಲುತ್ತಾರೆ, ನಿಲ್ಲುತ್ತಿದ್ದೇವೆ ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ.

ಸ್ವಂತ ಕಲಿಯುವುದಾದರೆ ಹೀಗೆ ಮಾಡಿ

ಮೊದಲು ಗಿಟಾರನ್ನು ನೋಡಿ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ಪಟ್ಟಿಯ ಮೇಲಿಂದ ತಂತಿ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಸುಮಾರು 2ರಿಂದ 2.5 ಮಿಲಿಮೀಟರ್ ಇದ್ದರೆ ಆರಾಮ. 4 ಮಿಲಿಮೀಟರ್ ಇದ್ದರೆ ತೊಂದರೆ ಇರುವುದು ನಿಮ್ಮ ಬೆರಳಲ್ಲಲ್ಲ, ಗಿಟಾರಿನಲ್ಲಿ. ರಿಪೇರಿಯವರು ಸರಿಮಾಡಿ ಕೊಡುತ್ತಾರೆ. ಬೆರಳು ತೀರಾ ನೋಯುತ್ತದೆ ಅನ್ನುವವರಿಗೆ ನೈಲಾನ್ ತಂತಿಯ ಗಿಟಾರ್ ಮೆತ್ತಗಿರುತ್ತದೆ, ಆದರೆ ಅದರ ಕತ್ತು ಅಗಲ. ಅಂದಹಾಗೆ, ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಮಾತ್ರ ಹಾಕಬೇಡಿ, ಆ ಎಳೆತಕ್ಕೆ ತಂತಿ ಕಟ್ಟಿರುವ ಬ್ರಿಡ್ಜ್ ಕಿತ್ತು ಬರಬಹುದು.

ದಿನಾ ನುಡಿಸುವ ಮುಂಚೆ ಟ್ಯೂನ್ ಮಾಡಿ. ದಪ್ಪ ತಂತಿಯಿಂದ ಸಣ್ಣದಕ್ಕೆ ಇ, ಎ, ಡಿ, ಜಿ, ಬಿ, ಇ. ಟ್ಯೂನರ್ ಆ್ಯಪ್ ಇದ್ದರೆ ಸಾಕು. ಆದರೆ ಕೆಲವು ಆ್ಯಪ್‌ಗಳು ಅಕ್ಷರ ಮಾತ್ರ ತೋರಿಸುತ್ತವೆ. ದಪ್ಪ ಇ ಸುಮಾರು 82 ಹರ್ಟ್ಜ್, ಸಣ್ಣ ಇ ಸುಮಾರು 330 ಹರ್ಟ್ಜ್, ಎರಡಕ್ಕೂ ಪರದೆಯ ಮೇಲೆ ಅದೇ 'ಇ'. ಸರಿಯಾದ ಅಕ್ಷರ ಸಿಗುವತನಕ ತಿರುಗಿಸುತ್ತಾ ಹೋಗಿ ತಂತಿ ತುಂಡು ಮಾಡಿಕೊಳ್ಳುವವರು ಬೇಕಾದಷ್ಟು ಜನ. ತಂತಿ ತೀರಾ ಬಿಗಿಯಾಗುತ್ತಿದೆ ಅನ್ನಿಸಿದರೆ ನಿಲ್ಲಿಸಿ, ಪೂರ್ತಿ ಸಡಿಲ ಮಾಡಿ, ಕೆಳಗಿನಿಂದ ಮತ್ತೆ ಏರಿಸಿಕೊಂಡು ಬನ್ನಿ.

ಕೋರ್ಸ್ ಒಂದೇ ಇರಲಿ. ಇದು ನಾನು ಎಲ್ಲರಿಗೂ ಬೇಜಾರಾಗುವಷ್ಟು ಸಲ ಹೇಳುವ ಮಾತು. ಸ್ವಂತ ಕಲಿಯುವವರು ಕೆಡುವುದು ಪಾಠ ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ. ಇವತ್ತು ಒಬ್ಬರ ಸ್ಟ್ರಮ್ಮಿಂಗ್, ನಾಳೆ ಇನ್ನೊಬ್ಬರ ಸೋಲೋ, ನಾಡಿದ್ದು 'ಐದೇ ನಿಮಿಷದಲ್ಲಿ ಕಲಿಯಿರಿ' ಅನ್ನುವ ವಿಡಿಯೋ. ಮೊದಲ ಪಾಠದಿಂದ ಕೊನೆವರೆಗೆ ಕ್ರಮವಾಗಿ ಇರುವ ಒಂದನ್ನು ಆರಿಸಿ, ಮುಗಿಯುವತನಕ ಇನ್ನೊಂದು ತೆರೆಯಬೇಡಿ. ಟ್ಯಾಬ್ (ಆರು ತಂತಿಗೆ ಆರು ಗೆರೆ ಎಳೆದು ಅದರ ಮೇಲೆ ಫ್ರೆಟ್ಟಿನ ಅಂಕೆ ಬರೆದದ್ದು) ಓದುವುದನ್ನು ಬೇಗ ಕಲಿತುಬಿಡಿ, ಒಂದು ಸಂಜೆಯ ಕೆಲಸ. ಎಲ್ಲಕ್ಕಿಂತ ಕೆಳಗಿನ ಗೆರೆಯೇ ದಪ್ಪ ತಂತಿ, ಇದೊಂದು ನೆನಪಿರಲಿ, ತಲೆಕೆಳಗಾಗಿ ಓದುವವರೇ ಜಾಸ್ತಿ.

ಅಭ್ಯಾಸ ದಿನಾ ಇಪ್ಪತ್ತು ನಿಮಿಷ ಇರಲಿ. ರಜೆ ದಿನ ಮೂರು ಗಂಟೆ ಕೂತು ಉಳಿದ ದಿನ ಗಿಟಾರನ್ನು ಚೀಲದಲ್ಲಿಟ್ಟರೆ ಕೈ ಪ್ರತಿವಾರ ಮೊದಲಿಂದ ಶುರು ಮಾಡುತ್ತದೆ. ಚೀಲದಲ್ಲಿ ಇಡಲೇಬೇಡಿ, ಕಣ್ಣಿಗೆ ಬೀಳುವ ಕಡೆ ಸ್ಟ್ಯಾಂಡಿನಲ್ಲಿಡಿ. ಎರಡು ಕಾರ್ಡ್ ತೆಗೆದುಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಿಸುತ್ತೀರಿ ಅಂತ ಎಣಿಸಿ ಬರೆದಿಡಿ. ತಾಳ ಬಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತದಲ್ಲಿ ಇಟ್ಟು ಶುರು ಮಾಡಿ, ತಪ್ಪಿಲ್ಲದೆ ಬಂದರೆ ಮಾತ್ರ 5 ಏರಿಸಿ. ಕೊನೆಯ ಐದು ನಿಮಿಷ ಇಷ್ಟದ ಹಾಡು ನುಡಿಸಿ. ಅರ್ಧಂಬರ್ಧ ಹತ್ತು ಹಾಡಿಗಿಂತ ಶುರುವಿನಿಂದ ಕೊನೆವರೆಗೆ ನಿಲ್ಲದೆ ನುಡಿಸಬಲ್ಲ ಒಂದು ಹಾಡು ಮೇಲು.

ಇನ್ನು ಕೇಳಿಸಿಕೊಳ್ಳುವವರು. ಮೇಷ್ಟ್ರು ಇಲ್ಲದಿದ್ದರೆ ಆ ಕೆಲಸ ಫೋನು ಮಾಡಬೇಕು. ವಾರಕ್ಕೊಮ್ಮೆ ಎರಡು ನಿಮಿಷದ ವಿಡಿಯೋ ಮಾಡಿ. ಕ್ಯಾಮೆರಾ ಮುಖಕ್ಕೆ ಬೇಡ, ಎಡ ಮಣಿಕಟ್ಟು ಮತ್ತು ಬಲಗೈ ಎರಡೂ ಕಾಣುವ ಹಾಗೆ ಇಡಿ. ಆಗಲೇ ನೋಡಬೇಡಿ, ಮರುದಿನ ನೋಡಿ. ನುಡಿಸಿದ ತಕ್ಷಣ ನೋಡಿದರೆ ನಾವು ಅಂದುಕೊಂಡದ್ದೇ ಕೇಳಿಸುತ್ತದೆ, ಮರುದಿನ ನಿಜವಾಗಿ ನುಡಿಸಿದ್ದು ಕೇಳಿಸುತ್ತದೆ. ಮೊದಲ ಸಲ ಬೇಸರವಾಗುತ್ತದೆ, ಆಗಲಿ. ಜೊತೆಗೆ ನುಡಿಸಲು ಇಲ್ಲವೇ ಹಾಡಲು ಯಾರಾದರೂ ಗೆಳೆಯರು ಸಿಕ್ಕರೆ ಇನ್ನೂ ಒಳ್ಳೆಯದು. ಹಾಡುವವರು ನಿಮಗೋಸ್ಕರ ನಿಲ್ಲುವುದಿಲ್ಲವಲ್ಲ.

ಮೇಷ್ಟ್ರನ್ನು ಹುಡುಕುವುದಾದರೆ

ಚೆನ್ನಾಗಿ ನುಡಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ಮೊದಲು ಒಂದು ಕ್ಲಾಸು ನೋಡಿ ಆಮೇಲೆ ಸೇರುತ್ತೇನೆ ಅನ್ನಿ. ಆ ಕ್ಲಾಸಿನಲ್ಲಿ ಗಡಿಯಾರ ನೋಡಿಕೊಳ್ಳಿ: ಗಿಟಾರ್ ಎಷ್ಟು ಹೊತ್ತು ನಿಮ್ಮ ಕೈಯಲ್ಲಿತ್ತು, ಎಷ್ಟು ಹೊತ್ತು ಅವರೇ ನುಡಿಸಿ ತೋರಿಸಿದರು? ಅರ್ಧಕ್ಕಿಂತ ಜಾಸ್ತಿ ಅವರೇ ನುಡಿಸಿದರೆ ಅದು ಕಛೇರಿ, ಪಾಠ ಅಲ್ಲ. ನಿಮಗೆ ಯಾವ ಥರದ ಸಂಗೀತ ಇಷ್ಟ ಅಂತ ಕೇಳಿದರಾ? ನಿಮ್ಮ ಕೈ ಹಿಡಿದು ಏನಾದರೂ ಸರಿಮಾಡಿದರಾ? ಮುಂದಿನ ವಾರದೊಳಗೆ ಏನು ಅಭ್ಯಾಸ ಮಾಡಬೇಕು ಅಂತ ಹೇಳಿ ಕಳಿಸಿದರಾ? ವಾರದಲ್ಲಿ 168 ಗಂಟೆ, ಮೇಷ್ಟ್ರು ಸಿಗುವುದು ಅದರಲ್ಲಿ ಒಂದೇ ಗಂಟೆ. ಉಳಿದದ್ದಕ್ಕೆ ಕೆಲಸ ಕೊಡದ ಕ್ಲಾಸಿಗೆ ಹೋಗಿ ಪ್ರಯೋಜನವಿಲ್ಲ. ಹತ್ತು ಜನರನ್ನು ಒಟ್ಟಿಗೆ ಕೂರಿಸಿ ಕಲಿಸುವ ಕ್ಲಾಸು ಅಗ್ಗ, ಆದರೆ ನಿಮ್ಮ ಬಲಗೈ ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಆನ್‌ಲೈನ್ ಕ್ಲಾಸು ಪರವಾಗಿಲ್ಲ, ಒಂದು ಕೊರತೆ ಬಿಟ್ಟರೆ. ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ, ಅಂದರೆ ತಾಳ ತಿದ್ದಿಸಿಕೊಳ್ಳುವುದಕ್ಕೇ ಕಷ್ಟ. ಮೇಷ್ಟ್ರು ಕಳಿಸಿದ ರೆಕಾರ್ಡಿಂಗ್ ಜೊತೆ ನುಡಿಸಿ, ಅದನ್ನು ರೆಕಾರ್ಡ್ ಮಾಡಿ ಕಳಿಸಿ. ಇನ್ನೊಂದು, ವಿಡಿಯೋ ಕರೆಯ ಆ್ಯಪ್‌ಗಳು ಮಾತು ಮಾತ್ರ ಉಳಿಸಿಕೊಂಡು ಗಿಟಾರನ್ನು ಗದ್ದಲ ಅಂತ ಅಳಿಸಿಹಾಕುತ್ತವೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಯಾರಿಗೆ ಯಾವುದು

ಕ್ಲಾಸಿಕಲ್ ಗಿಟಾರ್ ಕಲಿಯಬೇಕಾ? ಮೇಷ್ಟ್ರ ಹತ್ತಿರ ಹೋಗಿ, ಚರ್ಚೆ ಬೇಡ. ಸ್ಪೇನಿನ ಹೆಸರಾಂತ ಕ್ಲಾಸಿಕಲ್ ಗಿಟಾರ್ ವಾದಕ ಸೆಗೋವಿಯಾ ತನಗೆ ತಾನೇ ಗುರು ಅನ್ನುತ್ತಿದ್ದ ನಿಜ, ನೀವು ಸೆಗೋವಿಯಾ ಆಗಿದ್ದರೆ ಇದನ್ನು ಓದುತ್ತಿರಲಿಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜಿನದಂಥ ಸಂಗೀತದ ಗ್ರೇಡ್ ಪರೀಕ್ಷೆ ಕಟ್ಟಬೇಕು ಅನ್ನುವವರಿಗೂ, ಚಿಕ್ಕ ಮಕ್ಕಳಿಗೂ ಕ್ಲಾಸೇ ಸರಿ. ಗೆಳೆಯರ ಜೊತೆ ಕೂತು ನಾಲ್ಕು ಹಾಡು ಹಾಡಬೇಕು, ಅಷ್ಟೇ ಅನ್ನುವವರು ಧೈರ್ಯವಾಗಿ ಸ್ವಂತ ಕಲಿಯಿರಿ.

ಮಿಕ್ಕವರಿಗೆ ನಾನು ಹೇಳುವುದು ಎರಡನ್ನೂ ಬೆರೆಸಿ ಅಂತ. ಮೊದಲ ಎರಡು ಮೂರು ತಿಂಗಳು ಮೇಷ್ಟ್ರು, ಕೈ ಕೂರುವತನಕ. ಆಮೇಲೆ ಸ್ವಂತ. ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಮತ್ತೆ ಒಂದೇ ಒಂದು ಕ್ಲಾಸು. ತುಂಬಾ ಜನ ಸಿಕ್ಕಿಬೀಳುವುದು ಎಫ್ ಕಾರ್ಡ್‌ನಲ್ಲಿ, ತೋರುಬೆರಳು ಆರೂ ತಂತಿಗಳನ್ನು ಒತ್ತಬೇಕಲ್ಲ, ಅಲ್ಲಿ. ಮೇಷ್ಟ್ರ ಹತ್ತಿರ ಹೋಗುವ ಮುಂಚೆ ಅದೇ ಆಕಾರವನ್ನು ಐದನೇ ಫ್ರೆಟ್ಟಿನಲ್ಲಿ ಹಿಡಿದು ನೋಡಿ, ಅಲ್ಲಿ ಅದು ಎ ಮೇಜರ್ ಆಗುತ್ತದೆ. ಬೆರಳಿನ ಮೆತ್ತನೆಯ ಭಾಗದಿಂದ ಒತ್ತಬೇಡಿ, ಹೆಬ್ಬೆರಳ ಕಡೆಗಿರುವ ಮೂಳೆಯ ಅಂಚಿಗೆ ಸ್ವಲ್ಪ ಹೊರಳಿಸಿ. ಅಲ್ಲಿ ಸದ್ದು ಬಂದು ಮೊದಲ ಫ್ರೆಟ್ಟಿನಲ್ಲಿ ಮಾತ್ರ ಬರುತ್ತಿಲ್ಲವಾದರೆ ಗಿಟಾರಿನ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಎತ್ತರವಾಗಿರುವ ಸಾಧ್ಯತೆ ಜಾಸ್ತಿ, ರಿಪೇರಿಯವರನ್ನು ನೋಡಿ. ಎರಡೂ ಕಡೆ ಬರುತ್ತಿಲ್ಲವಾದರೆ ಆಗ ಮೇಷ್ಟ್ರನ್ನು ನೋಡಿ, ಹೋಗುವಾಗ ಕಳೆದ ವಾರದ ವಿಡಿಯೋ ಮತ್ತು ಕೇಳಬೇಕಾದ ಪ್ರಶ್ನೆಗಳ ಚೀಟಿ ಎರಡನ್ನೂ ತೆಗೆದುಕೊಂಡು ಹೋಗಿ.