ಎಟಿಆರ್ ವಿಮಾನದ ಲೋಡ್ ಶೀಟ್: ಕೊಡಗಿನ ಲಗೇಜಿಗೆ ಮಾಡುವ ಲೆಕ್ಕ

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ ಕಡೆಯವರು ವಿಮಾನ ಹತ್ತಬೇಕೆಂದರೆ ಮೈಸೂರಿನ ಮಂಡಕಳ್ಳಿಗೆ ಬರುತ್ತಾರೆ, ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಹತ್ತಿರ. ಕಣ್ಣೂರಿನ ರನ್‌ವೇ 3,050 ಮೀಟರ್, ಅಲ್ಲಿ ದೊಡ್ಡ ಜೆಟ್‌ಗಳು ಇಳಿಯುತ್ತವೆ. ಮೈಸೂರಿನದು 1,740 ಮೀಟರ್ ಮಾತ್ರ. ಅಲ್ಲಿಗೆ ಹೊಂದುವುದು ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ. ಈ ವಿಮಾನಕ್ಕೆ ಲೋಡ್ ಶೀಟ್, ಅಂದರೆ ತೂಕದ ಲೆಕ್ಕದ ಹಾಳೆ, ಹಾಕುವುದು ನನ್ನ ಕೆಲಸ. ಸೀಟು ಖಾಲಿ ಇದ್ದರೂ ಟಿಕೆಟ್ ಯಾಕೆ ಕೊಡಲಿಲ್ಲ, ಬ್ಯಾಗ್ ಯಾಕೆ ಮರುದಿನ ಬಂತು ಎಂದು ಕೇಳುವವರಿಗೆಲ್ಲ ಉತ್ತರ ಆ ಒಂದು ಹಾಳೆಯಲ್ಲೇ ಇರುತ್ತದೆ.

ಲೆಕ್ಕ ಶುರುವಾಗುವುದು ಖಾಲಿ ವಿಮಾನದಿಂದ. ಸಿಬ್ಬಂದಿ, ಅವರ ಸಾಮಾನು, ತಿಂಡಿ-ನೀರು ಎಲ್ಲ ಸೇರಿ ಸುಮಾರು 13,600 ಕೆ.ಜಿ. ಎಂದಿಟ್ಟುಕೊಳ್ಳಿ (ಪ್ರತಿ ವಿಮಾನಕ್ಕೂ ತೂಗಿ ಬರೆದ ಅದರದೇ ಅಂಕಿ ಇರುತ್ತದೆ). ಪ್ರಯಾಣಿಕರನ್ನು ಯಾರೂ ತೂಗುವುದಿಲ್ಲ. ಕೈಚೀಲ ಸೇರಿ ದೊಡ್ಡವರಿಗೆ 75, ಮಕ್ಕಳಿಗೆ 35, ಕೈಗೂಸಿಗೆ 10 ಕೆ.ಜಿ. ಎಂದು ಹಿಡಿಯುತ್ತೇವೆ. 66 ದೊಡ್ಡವರು, ನಾಲ್ಕು ಮಕ್ಕಳು, ಒಂದು ಕೂಸು ಎಂದರೆ 5,100 ಕೆ.ಜಿ. ಸರಕಿನ ಗೂಡಿಗೆ ಹೋಗುವ ಲಗೇಜನ್ನು ಮಾತ್ರ ಕೌಂಟರಿನಲ್ಲಿ ನಿಜವಾಗಿ ತೂಗುತ್ತೇವೆ. ಅದು 850 ಆಯಿತು ಎನ್ನಿ. ಇಂಧನ ಬಿಟ್ಟು ಒಟ್ಟು 19,550.

ಇನ್ನು ಇಂಧನ. ಒಂದೂಕಾಲು ಗಂಟೆಯ ಹಾರಾಟಕ್ಕೆ 850 ಕೆ.ಜಿ., ಅದರ ಮೇಲೆ ಶೇ. 5 ಅಂದರೆ ಸುಮಾರು 45, ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು 500, ಕೊನೆಗೆ ಆಕಾಶದಲ್ಲಿ ಅರ್ಧ ಗಂಟೆ ಸುತ್ತಲು 300. ಮಳೆಗಾಲದಲ್ಲಿ ಕ್ಯಾಪ್ಟನ್ ಇನ್ನೂ 300 ಕೇಳುತ್ತಾರೆ, ಕೇಳುವುದೂ ಸರಿ. ಸುಮಾರು 2,000 ಆಯಿತು. ಏರುವಾಗಿನ ತೂಕ 21,550.

ಎಟಿಆರ್ 72-600ರ ಗರಿಷ್ಠ ತೂಕ 23,000 ಕೆ.ಜಿ. ಹಾಗಾದರೆ ಇನ್ನೂ ಜಾಗ ಇದೆಯಲ್ಲ ಎನಿಸುತ್ತದೆ. ಆದರೆ ಆ 23,000 ವಿಮಾನದ ಮಿತಿ, ಆ ದಿನದ ರನ್‌ವೇಯ ಮಿತಿ ಬೇರೆ. ಸಮುದ್ರ ಮಟ್ಟದಲ್ಲಿ, ತಂಪು ಹವೆಯಲ್ಲಿ ಪೂರ್ತಿ ತೂಕಕ್ಕೂ 1,300 ಮೀಟರ್ ಚಿಲ್ಲರೆ ಸಾಕು. ಮೈಸೂರು ಇರುವುದು ಏಳುನೂರು ಮೀಟರಿಗೂ ಎತ್ತರದಲ್ಲಿ. ಎತ್ತರ ಹೆಚ್ಚಿದಂತೆ, ಬಿಸಿಲು ಏರಿದಂತೆ ಗಾಳಿ ತೆಳುವಾಗಿ ಎಂಜಿನ್ನಿಗೂ ರೆಕ್ಕೆಗೂ ಹಿಡಿತ ಕಡಿಮೆಯಾಗುತ್ತದೆ. ರನ್‌ವೇ ಒದ್ದೆಯಿದ್ದರೆ ಇಳಿಯಲು ಶೇ. 15 ಹೆಚ್ಚು ಉದ್ದ ಲೆಕ್ಕ ಹಾಕಬೇಕು. ಹಿಂದಿನಿಂದ ಗಾಳಿ ಬೀಸಿದರೆ ಇನ್ನಷ್ಟು. ಇವೆಲ್ಲ ಸೇರಿ ಆ ದಿನ ಕೋಷ್ಟಕ ಕೊಡುವ ಅಂಕಿ 21,200 ಎನ್ನಿ. ಆಗ 350 ಕೆ.ಜಿ. ಹೆಚ್ಚಾಯಿತು. ಅದು 14 ಕೆ.ಜಿ.ಯ 25 ಬ್ಯಾಗ್, ಇಲ್ಲವೇ ಲಗೇಜ್ ಸಮೇತ ನಾಲ್ಕು ಜನ. ಇಳಿಸುವ ಕ್ರಮವೂ ಇದೆ: ಮೊದಲು ಸರಕು, ಆಮೇಲೆ ಸ್ಟ್ಯಾಂಡ್‌ಬೈ ಸಿಬ್ಬಂದಿ (ಸೀಟು ಉಳಿದರೆ ಮಾತ್ರ ಹೋಗುವವರು), ಆಮೇಲೆ ಬ್ಯಾಗ್, ಕೊನೆಗೆ ಪ್ರಯಾಣಿಕ. ಇಂಧನವನ್ನು ಮಾತ್ರ ಮುಟ್ಟುವಂತಿಲ್ಲ.

ತೂಕ ಸರಿಯಾದರೆ ಮುಗಿಯಲಿಲ್ಲ, ಅದು ಎಲ್ಲಿ ಕೂತಿದೆ ಎಂಬುದೂ ಲೆಕ್ಕವೇ. ಎಟಿಆರ್‌ಗೆ ಪ್ರಯಾಣಿಕರು ಹತ್ತುವುದು ಹಿಂದಿನ ಬಾಗಿಲಿನಿಂದ. ಸರಕಿನ ಒಂದು ಗೂಡು ಕಾಕ್‌ಪಿಟ್ ಹಿಂದೆ, ಇನ್ನೊಂದು ಬಾಲದ ಕಡೆ. ಮುಂದೆ ಖಾಲಿ ಇದ್ದು ಹಿಂದೆ ಜನ, ಬ್ಯಾಗ್ ತುಂಬಿದರೆ ನಿಂತಲ್ಲೇ ಮೂಗು ಎತ್ತಿ ಬಾಲ ನೆಲಕ್ಕೆ ತಾಗಬಹುದು. ಅದಕ್ಕೇ ಬಾಲದ ಕೆಳಗೆ ಊರುಗೋಲು ಕೊಡುತ್ತಾರೆ, ತುಂಬುವಾಗ ಮುಂದಿನ ಗೂಡು ಮೊದಲು, ಇಳಿಸುವಾಗ ಹಿಂದಿನದು ಮೊದಲು. ಊರುಗೋಲು ತೆಗೆದದ್ದನ್ನು ನೋಡಿದ ಮೇಲೆಯೇ ಸಹಿ. ಇಪ್ಪತ್ತೈದೇ ಜನ ಇದ್ದ ದಿನ ಅವರನ್ನು ರೆಕ್ಕೆಯ ಆಸುಪಾಸಿನ ಸಾಲುಗಳಿಗೆ ಹಾಕುತ್ತೇನೆ. "ಹಿಂದೆ ಖಾಲಿ ಇದೆಯಲ್ಲಾ" ಎಂದು ಯಾರಾದರೂ ಎದ್ದು ಹೋದರೆ ಗಗನಸಖಿ ವಾಪಸ್ ಕಳಿಸುವುದು ಇದಕ್ಕೇ. ಅದು ಶಿಸ್ತಿನ ಮಾತಲ್ಲ.

ವಿಮಾನ ನಿಂತಿದ್ದರೂ ಬಲಗಡೆ ಎಂಜಿನ್ ಮೊರೆಯುವುದನ್ನು ಕೇಳಿ ಕೆಲವರು ಗಾಬರಿಯಾಗುತ್ತಾರೆ. ಎಟಿಆರ್‌ಗೆ ಎಪಿಯು ಎಂಬ ಸಣ್ಣ ಹೆಚ್ಚುವರಿ ಎಂಜಿನ್ ಇಲ್ಲ. ಬಲ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಆ ಎಂಜಿನ್ನಿನಿಂದಲೇ ಕರೆಂಟು, ತಂಪು ಗಾಳಿ ಪಡೆಯುತ್ತಾರೆ. ಜನ ಹತ್ತುವುದು ಎಡದಿಂದ, ಹಾಗಾಗಿ ತೊಂದರೆಯಿಲ್ಲ.

ನಮ್ಮ ಕಡೆಯ ಲಗೇಜಿನಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಇವೇ: ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಮತ್ತು ಜೇನಿನ ಬಾಟಲಿ. ಎರಡೂ ದ್ರವದ ಲೆಕ್ಕಕ್ಕೇ ಬರುವುದರಿಂದ ಕೈಚೀಲದಲ್ಲಿದ್ದರೆ ಭದ್ರತೆಯವರು ತಡೆಯಬಹುದು. ಚೆಕ್-ಇನ್ ಬ್ಯಾಗಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಟ್ಟೆಯ ನಡುವೆ ಇಡಿ. ಕೊಬ್ಬರಿ ಚೆಕ್-ಇನ್ ಬ್ಯಾಗಿನಲ್ಲಿ ನಿಷೇಧ, ಎಣ್ಣೆ ಇರುವುದರಿಂದ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತು ಅದು. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಕೈಚೀಲದಲ್ಲೇ ಇರಬೇಕು. ಕಾಫಿ ಪುಡಿ, ಕರಿಮೆಣಸನ್ನು ಮನೆಯಲ್ಲೇ ತೂಗಿ ಕಟ್ಟಿ. ಕೌಂಟರಿನ ಮುಂದೆ ಸೂಟ್‌ಕೇಸ್ ಬಿಚ್ಚಿ ಎರಡು ಕೆ.ಜಿ. ಕಾಫಿ ಪುಡಿ ಹೊರಗೆ ತೆಗೆಯುವಷ್ಟರಲ್ಲಿ ಹಿಂದಿನ ಸಾಲು ಬೆಳೆದಿರುತ್ತದೆ.

ಕುಶಾಲನಗರದ ಹತ್ತಿರದ ಕೂಡಿಗೆ ಬಳಿ ಏರ್‌ಸ್ಟ್ರಿಪ್ ಆಗಬೇಕೆಂಬ ಮಾತು ಆಗಾಗ ಕೇಳುತ್ತದೆ. ಅಲ್ಲಿಗೆ ಎಟಿಆರ್ ತರುವ ಯೋಚನೆ ನನಗೆ ಒಪ್ಪಿಗೆಯಾಗುವುದಿಲ್ಲ. ಎತ್ತರ ಮೈಸೂರಿಗಿಂತ ಹೆಚ್ಚು, ಉದ್ದ ಸಿಗುವುದು ಕಷ್ಟ. 2017ರ ಏಪ್ರಿಲ್ 27ರಂದು ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ್ದು ಶಿಮ್ಲಾ–ದೆಹಲಿ ನಡುವೆ. ಶಿಮ್ಲಾದ ಗಿಡ್ಡ ರನ್‌ವೇಯಿಂದ ಏರುವಾಗ ಸಣ್ಣ ಎಟಿಆರ್ 42ರಲ್ಲೂ ಸೀಟುಗಳನ್ನು ಖಾಲಿ ಬಿಡಬೇಕಾಯಿತು. ಹೊಂದುವುದಾದರೆ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ಡಾರ್ನಿಯರ್ 228. 2022ರ ಏಪ್ರಿಲ್‌ನಿಂದ ಅದೇ ವಿಮಾನ 17 ಸೀಟಿನಲ್ಲಿ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಹಾರಿದೆ. ಕೂಡಿಗೆ ಕಡೆ ಮಡಿಕೇರಿಯಷ್ಟು ಮಳೆ, ಮಂಜು ಇಲ್ಲ ಎಂಬುದು ಅನುಕೂಲ. ಆದರೂ ಐಎಲ್‌ಎಸ್ (ಮೋಡದಲ್ಲೂ ರನ್‌ವೇಗೆ ದಾರಿ ತೋರಿಸುವ ರೇಡಿಯೋ ಉಪಕರಣ) ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗೆ ಕೂತ ದಿನ ವಿಮಾನ ಇಳಿಯುವುದಿಲ್ಲ, ಆಗ ಮತ್ತೆ ಮೈಸೂರಿಗೇ ತಿರುಗಬೇಕು. ಆ 17 ಸೀಟಿನ ವಿಮಾನಕ್ಕೂ ಅಷ್ಟು ಇಂಧನ ಹೊತ್ತೇ ಹೊರಡಬೇಕು.