ಚಾಪ್ಲಿನ್, ಕೀಟನ್, ಲಾಯ್ಡ್: ಮೂವರ ಸಾಕ್ಷ್ಯಚಿತ್ರಗಳನ್ನು ಮನೆಗೆ ತಂದ ಕತೆ

"ವಿಎಚ್‌ಎಸ್ ಕ್ಯಾಸೆಟ್ಟಾ? ಈ ಕಾಲದಲ್ಲಾ?" ಮೂಕಿ ಚಿತ್ರಗಳ ಹಾಸ್ಯನಟರು ಚಾರ್ಲಿ ಚಾಪ್ಲಿನ್, ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್, ಈ ಮೂವರ ಬಗೆಗಿನ ಹಳೇ ಸಾಕ್ಷ್ಯಚಿತ್ರಗಳನ್ನು ಹುಡುಕಿ ತರಿಸುತ್ತೇನೆ ಅಂದಾಗ ಫಿಲ್ಮ್ ಸೊಸೈಟಿಯ ಗೆಳೆಯರು ಕೇಳಿದ್ದು ಇದನ್ನೇ. ಎಲ್ಲ ನೆಟ್‌ನಲ್ಲಿ ಸಿಗುತ್ತದೆ, ಸುಮ್ನೆ ದುಡ್ಡು ಹಾಳು ಅಂದರು. ಸಿಗುವುದೇನೋ ನಿಜ. ಹೇಗೆ ಸಿಗುತ್ತದೆ ಅನ್ನೋದನ್ನು ಅವರು ನೋಡಿರಲಿಲ್ಲ. ಕಳೆದ ತಿಂಗಳು ನಮ್ಮ ಮನೆ ಪ್ರೊಜೆಕ್ಟರ್‌ನಲ್ಲಿ ಕೀಟನ್ ಸಾಕ್ಷ್ಯಚಿತ್ರದ ಒಂದು ಭಾಗ ಹಾಕಿದೆ. ಅದೇ ಗೆಳೆಯರು "ಇದು ಬ್ಲೂರೇನಾ?" ಅಂತ ಕೇಳಿದರು. ಅಲ್ಲ, ಕ್ಯಾಸೆಟ್. ಹಾಗಾಗಿ ಬರೆಯುತ್ತಿದ್ದೇನೆ.

ಮೂಕಿ ಹಾಸ್ಯನಟರ ಬಗ್ಗೆ ಆಸಕ್ತಿ ಇರುವವರಿಗೆ ಕೆವಿನ್ ಬ್ರೌನ್‌ಲೋ, ಡೇವಿಡ್ ಗಿಲ್ ಎಂಬ ಸಾಕ್ಷ್ಯಚಿತ್ರಕಾರರ ಜೋಡಿಯ ಹೆಸರು ಹೊಸದಲ್ಲ. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್‌ಗೆ ಅವರು ಮಾಡಿದ 'ಅನ್‌ನೋನ್ ಚಾಪ್ಲಿನ್' (1983), ಕೀಟನ್ ಬಗ್ಗೆ 'ಎ ಹಾರ್ಡ್ ಆ್ಯಕ್ಟ್ ಟು ಫಾಲೋ' (1987), ಲಾಯ್ಡ್ ಬಗ್ಗೆ 'ದಿ ಥರ್ಡ್ ಜೀನಿಯಸ್' (1989), ಈ ಮೂರೂ ಬೇಕಿತ್ತು ನನಗೆ. ಜೊತೆಗೆ 1980ರ 'ಹಾಲಿವುಡ್' ಸರಣಿಯಲ್ಲಿ ಹಾಸ್ಯದ ಬಗ್ಗೆ ಇರುವ ಕಂತು. ಆ ಸರಣಿ ಕ್ಯಾಸೆಟ್‌ಗೆ ಬಂತು, ಲೇಸರ್ ಡಿಸ್ಕ್‌ಗೂ (ಡಿವಿಡಿಗೂ ಮುಂಚಿನ ದೊಡ್ಡ ತಟ್ಟೆ) ಬಂತು, ಅಧಿಕೃತ ಡಿವಿಡಿಗೆ ಬರಲಿಲ್ಲ. ಅದರಲ್ಲಿ ಬಳಸಿದ ಚಿತ್ರಗಳ ತುಣುಕುಗಳ ಹಕ್ಕಿನ ರಗಳೆಯೇ ಅದಕ್ಕೆ ಕಾರಣ. ಸಾಕ್ಷ್ಯಚಿತ್ರಗಳ ಹಣೆಬರಹವೇ ಇಷ್ಟು. ಸಿನಿಮಾ ಒಬ್ಬರದಾದರೆ, ಅದರ ತುಣುಕು ಹಾಕಿದ ಸಾಕ್ಷ್ಯಚಿತ್ರ ಹತ್ತು ಜನರನ್ನು ಕೇಳಿ ಹೊರಗೆ ಬರಬೇಕು.

ಮೊದಲು ತರಿಸಿದ್ದು ಅಮೆರಿಕದ ಕ್ಯಾಸೆಟ್‌ಗಳು. ಎಲ್ಲರೂ ಮಾಡುವುದು ಅದನ್ನೇ, ಯಾಕೆಂದರೆ ಅಲ್ಲಿ ರಾಶಿ ಸಿಗುತ್ತವೆ, ಅಗ್ಗ. ಒಂದಕ್ಕೆ ಐದಾರು ಡಾಲರ್. ಅಂಚೆ ಖರ್ಚು ಅದರ ನಾಲ್ಕು ಪಟ್ಟು. ಒಂದು ಪಾರ್ಸೆಲ್‌ಗೆ ಕಸ್ಟಮ್ಸ್ ಸುಂಕವೂ ಬಿತ್ತು. ಬಂದ ಮೇಲೆ ಹಾಕಿ ನೋಡಿದರೆ ಕೀಟನ್ ಓಡುವ ಕಡೆಯೆಲ್ಲ ಎರಡೆರಡು ಕೀಟನ್. ಒಬ್ಬ ಮುಂದೆ, ಅವನ ನೆರಳಿನಂಥವನೊಬ್ಬ ಹಿಂದೆ. ಬಣ್ಣವೂ ಕೆಂಪಗೆ ಸೋರುತ್ತಿತ್ತು.

ದೋಷ ವಿಸಿಆರ್‌ನದಲ್ಲ. ಥೇಮ್ಸ್ ಕಾರ್ಯಕ್ರಮಗಳು ಹುಟ್ಟಿದ್ದೇ ಪಾಲ್ (PAL) ಎಂಬ ಟಿವಿ ಪದ್ಧತಿಯಲ್ಲಿ, ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 50 ಫೀಲ್ಡ್, ಅಂದರೆ ಅರ್ಧರ್ಧ ಚಿತ್ರ. ಅಮೆರಿಕಕ್ಕೆ ಹೋಗಬೇಕಾದರೆ 525 ಗೆರೆ, 60 ಫೀಲ್ಡ್‌ಗೆ ಪರಿವರ್ತನೆ ಆಗಲೇಬೇಕು. ಆಗಿನ ಪರಿವರ್ತಕಗಳು ಒಂದು ಫೀಲ್ಡನ್ನು ಇನ್ನೊಂದರ ಮೇಲೆ ಬೆರೆಸಿಬಿಡುತ್ತಿದ್ದವು. ಸಂದರ್ಶನಕ್ಕೆ ಕೂತ ಮುದುಕರ ಮುಖದಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಹಾಸ್ಯನಟರ ವಿಷಯದಲ್ಲಿ ಮೈಯ ಚಲನೆಯೇ ಜೋಕು. ಕೀಟನ್ ಜಾರಿ ಬೀಳುವ ಆ ಒಂದು ಕ್ಷಣ ಮಸುಕಾದರೆ ಮಿಕ್ಕಿದ್ದೇನು? ನೆಟ್‌ನಲ್ಲಿ ನಾನು ನೋಡಿದ ಕಾಪಿಗಳಲ್ಲಿ ಮುಕ್ಕಾಲು ಪಾಲು ಇದೇ ಅಮೆರಿಕದ ಕ್ಯಾಸೆಟ್‌ನಿಂದ ತೆಗೆದಂತೆ ಕಾಣುತ್ತವೆ.

ಆಮೇಲೆ ಬ್ರಿಟನ್ ಕ್ಯಾಸೆಟ್ ಮಾತ್ರ ಹುಡುಕಿದೆ. ನಮ್ಮದೂ ಪಾಲ್ ದೇಶವೇ ಅಲ್ವಾ, ಮನೆಯ ಹಳೇ ವಿಸಿಆರ್‌ನಲ್ಲೇ ಓಡುತ್ತದೆ. ಅಲ್ಲಿ ಇವು ಚಾರಿಟಿ ಅಂಗಡಿಗಳಲ್ಲಿ ಎರಡು ಮೂರು ಪೌಂಡಿಗೆ ಸಿಗುತ್ತವೆ. ಆನ್‌ಲೈನ್‌ನಲ್ಲಿ ಹುಡುಕುವಾಗ ಕೀಟನ್ ಹೆಸರು ಹಾಕಿದರೆ ಬೆಲೆ ಏರಿರುತ್ತದೆ. ನಾನು ಹಾಕುವ ಪದ ಬೇರೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ನನಗೇ ಸಿಗುವುದಿಲ್ಲ, ಕ್ಷಮಿಸಿ. ಲೀಡ್ಸ್‌ನಲ್ಲಿರುವ ಅಕ್ಕನ ಮಗ ಎಲ್ಲವನ್ನೂ ತನ್ನ ವಿಳಾಸಕ್ಕೆ ತರಿಸಿಟ್ಟು ಊರಿಗೆ ಬರುವಾಗ ತಂದುಕೊಟ್ಟ. ಹೊರಲಾರದೆ "ಮಾಮ, ಮುಂದಿನ ಸಲ ಚಾಕೊಲೇಟ್ ಸಾಕು" ಅಂದ.

ಆ ಕ್ಯಾಸೆಟ್‌ಗಳಲ್ಲಿ ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಕ್ಯಾಸೆಟ್ ಮೇಲಿನ ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ. ಹಾಗೇ ಹಾಕಿದರೆ ವಿಸಿಆರ್‌ನ ಹೆಡ್, ಅಂದರೆ ಟೇಪ್ ಓದುವ ಭಾಗ, ಮುಗಿಯಿತು, ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿ ಮುಚ್ಚಿಟ್ಟೆ. ಸಿಲಿಕಾ ಜೆಲ್ ಸಾಲದೆ ಅಕ್ಕಿ ಡಬ್ಬದಲ್ಲೂ ಇಟ್ಟು ನೋಡಿದೆ. ಬೂಷ್ಟು ಒಣಗಿತು, ಅಮ್ಮನಿಂದ ಬೈಗುಳ ಸಿಕ್ಕಿತು. ಒಣಗಿದ ಮೇಲೆ ಕ್ಯಾಸೆಟ್‌ನ ಪ್ಲಾಸ್ಟಿಕ್ ಚಿಪ್ಪು ಬಿಚ್ಚಿ ಸುರುಳಿಯನ್ನು ಹೊಸ ಚಿಪ್ಪಿಗೆ ಹಾಕಬೇಕು. ಚಿಪ್ಪಿಗಾಗಿ ಹಳೇ ಮದುವೆ ಕ್ಯಾಸೆಟ್‌ಗಳನ್ನು ಗುಜರಿಯಲ್ಲಿ ಕೊಂಡೆ, ಹತ್ತಿಪ್ಪತ್ತು ರೂಪಾಯಿಗೊಂದು. ಟೇಪ್ ಒರೆಸುವುದಕ್ಕೆ ಬೇರೆಯೇ ಒಂದು ಕೆಟ್ಟುಹೋದ ವಿಸಿಆರ್ ಇಟ್ಟುಕೊಂಡಿದ್ದೇನೆ. ಹೆಡ್ ಡ್ರಮ್ ಕಿತ್ತು, ಟೇಪ್ ಹೋಗುವ ದಾರಿಯಲ್ಲಿ ಬಟ್ಟೆ ಕೂರಿಸಿದ್ದೇನೆ. ಯಾವ ಬಟ್ಟೆ, ಎಷ್ಟು ಬಿಗಿ ಅನ್ನೋದು ನನ್ನ ಹತ್ತಿರವೇ ಇರಲಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ 'ಅನ್‌ನೋನ್ ಚಾಪ್ಲಿನ್' ಕ್ಯಾಸೆಟ್ ಒಂದು ಎರಡು ತುಂಡಾಗಿತ್ತು.

ಮನೆಯ ವಿಸಿಆರ್‌ನಲ್ಲಿ ನೋಡಬಹುದು, ಆದರೆ ಚೆನ್ನಾಗಿ ಕಂಪ್ಯೂಟರಿಗೆ ಇಳಿಸಲು ಮೇಲ್ದರ್ಜೆಯ ಎಸ್-ವಿಎಚ್‌ಎಸ್ ಡೆಕ್ ಬೇಕೇ ಬೇಕು, ಒಳಗೇ ಟೈಮ್ ಬೇಸ್ ಕರೆಕ್ಟರ್ (ಅಲುಗಾಡುವ ಚಿತ್ರವನ್ನು ನಿಲ್ಲಿಸುವ ಭಾಗ) ಇರುವಂಥದ್ದು. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದವರಿಂದ ಒಂದು ಸಿಕ್ಕಿತು, ಸುಮಾರು ಹದಿನೆಂಟು ಸಾವಿರ. ರಿಪೇರಿಗೆ ಇನ್ನೊಂದು ಮೂರೂವರೆ. ರಿಪೇರಿ ಮಾಡಿದ ಹಿರಿಯರು "ಸಾರ್, ಇದನ್ನ ಗುಜರಿಗೆ ಹಾಕಿ, ಕೆಜಿ ಲೆಕ್ಕದಲ್ಲಿ ಒಳ್ಳೆ ದುಡ್ಡು ಬರುತ್ತೆ" ಅಂತ ಪ್ರೀತಿಯಿಂದಲೇ ಹೇಳಿದರು. ಅದಕ್ಕೂ ಮುಂಚೆ ಟೇಪನ್ನು ಕಂಪ್ಯೂಟರಿಗೆ ಇಳಿಸುವ ಎಂಟುನೂರು ರೂಪಾಯಿಯ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಕೊಂಡಿದ್ದೆ. ಹತ್ತು ನಿಮಿಷಕ್ಕೊಮ್ಮೆ ಶಬ್ದ ಚಿತ್ರ ಬಿಟ್ಟು ಓಡಿಹೋಗುತ್ತಿತ್ತು. ಜೇಮ್ಸ್ ಮೇಸನ್ ನಿರೂಪಣೆ ಮುಗಿದ ಮೇಲೆ ಚಾಪ್ಲಿನ್ ಬರುತ್ತಿದ್ದ. ಒಳ್ಳೆ ಕ್ಯಾಪ್ಚರ್ ಕಾರ್ಡಿಗೆ ಏಳೆಂಟು ಸಾವಿರ ಆಯಿತು. ಎಸ್-ವಿಡಿಯೊ ವೈರ್‌ನಲ್ಲಿ, 720×576 ಅಳತೆಯಲ್ಲಿ, ಫೀಲ್ಡ್‌ಗಳನ್ನು ಬೆರೆಸದೆ ಇಂಟರ್‌ಲೇಸ್ ಹಾಗೇ ಇಟ್ಟು, ಏನೂ ಕಳೆದುಕೊಳ್ಳದ ಲಾಸ್‌ಲೆಸ್ ಫೈಲಾಗಿ ಇಳಿಸಿದೆ. ಗಂಟೆಗೆ ಮೂವತ್ತು ಜಿಬಿ ಆಸುಪಾಸು. ಆಮೇಲೆ ನಿಧಾನವಾಗಿ ಡಿಇಂಟರ್‌ಲೇಸ್, ಅಂದರೆ ಒಂದೊಂದು ಫೀಲ್ಡನ್ನೂ ಪೂರ್ತಿ ಚಿತ್ರ ಮಾಡಿ ಸೆಕೆಂಡಿಗೆ 50 ಫ್ರೇಮ್. 25ಕ್ಕೆ ಇಳಿಸಬೇಡಿ, ಓಟದ ಹರಿವು ಹೋಗುತ್ತದೆ. ಮತ್ತೆ, ಶಾರ್ಪ್ ಮಾಡುವ ಎಐ ತಂತ್ರಾಂಶಗಳ ಹತ್ತಿರ ಹೋಗಬೇಡಿ. ಒಂದು ರಾತ್ರಿ ಬಿಟ್ಟು ನೋಡಿದೆ. ಬೆಳಗ್ಗೆ ಎದ್ದಾಗ ಕೀಟನ್ ಮುಖ ಮೇಣದ ಬೊಂಬೆಯಾಗಿತ್ತು. ನಗದ ಮುಖ ಅಂತ ಹೆಸರಾದವನು, ಸರಿ, ಆದರೂ ಇಷ್ಟಲ್ಲ.

ಲಾಯ್ಡ್ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಕ್ಯಾಸೆಟ್ ಹುಡುಕಿ ಸೋತಿದ್ದೆ. ಕೊನೆಗೆ ನೋಡಿದರೆ 'ದಿ ಥರ್ಡ್ ಜೀನಿಯಸ್' ಇಡಿಯಾಗಿ, 108 ನಿಮಿಷ, ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್ 2013ರಲ್ಲಿ ತಂದ ಲಾಯ್ಡ್ ಸಿನಿಮಾ 'ಸೇಫ್ಟಿ ಲಾಸ್ಟ್!' ಬ್ಲೂರೇಯ ಹೆಚ್ಚುವರಿ ಸಾಮಗ್ರಿಯಲ್ಲಿ ಕೂತಿದೆ! ಅಲ್ಲಿಂದ ನನ್ನ ಕ್ರಮವೇ ಬದಲಾಯಿತು. ಸಾಕ್ಷ್ಯಚಿತ್ರದ ಹೆಸರಲ್ಲಿ ಹುಡುಕುವುದು ಬಿಟ್ಟೆ, ಸಿನಿಮಾ ಡಿಸ್ಕ್‌ಗಳ ಹಿಂಬದಿ ಓದತೊಡಗಿದೆ. ಚಾಪ್ಲಿನ್ ಮತ್ತು ಹಿಟ್ಲರ್ ಬಗ್ಗೆ ಬ್ರೌನ್‌ಲೋ ಮಾಡಿದ 'ದಿ ಟ್ರ್ಯಾಂಪ್ ಆ್ಯಂಡ್ ದಿ ಡಿಕ್ಟೇಟರ್' ಸಿಕ್ಕಿದ್ದು 'ದಿ ಗ್ರೇಟ್ ಡಿಕ್ಟೇಟರ್' ಡಿಸ್ಕ್‌ನಲ್ಲಿ. ಕೀಟನ್ ಎಂಜಿಎಂ ಸ್ಟುಡಿಯೊಗೆ ಹೋಗಿ ಹಾಳಾದ ಕತೆ 'ಸೋ ಫನಿ ಇಟ್ ಹರ್ಟ್', ಅದು 'ದಿ ಕ್ಯಾಮೆರಾಮನ್' ಜೊತೆ. ಚಾಪ್ಲಿನ್‌ನ ದೈತ್ಯ ಖಳ ಎರಿಕ್ ಕ್ಯಾಂಪ್‌ಬೆಲ್ ಬಗ್ಗೆ 'ಚಾಪ್ಲಿನ್ಸ್ ಗೋಲಿಯತ್' ಫ್ಲಿಕರ್ ಆ್ಯಲಿ ಎಂಬ ಡಿಸ್ಕ್ ಕಂಪನಿಯ ಪೆಟ್ಟಿಗೆಯಲ್ಲಿ, ಮ್ಯೂಚುವಲ್ ಕಂಪನಿಗೆ ಚಾಪ್ಲಿನ್ ಮಾಡಿದ ಚಿತ್ರಗಳ ಜೊತೆ. ಕ್ರೈಟೀರಿಯನ್ ಡಿಸ್ಕ್‌ಗಳ ಮುಖಬೆಲೆ 40 ಡಾಲರ್ ಹತ್ತಿರ. ಪೂರ್ತಿ ಬೆಲೆ ಕೊಡಬೇಡಿ, ಅರ್ಧ ಬೆಲೆ ಮಾರಾಟ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ.

ಆದರೆ ಬ್ಲೂರೇಗೆ ಪ್ರದೇಶ (ರೀಜನ್) ನೋಡಿ ಬೀಗ ಹಾಕಿರುತ್ತಾರೆ: ಅಮೆರಿಕದ್ದು ರೀಜನ್ ಎ, ಭಾರತ ರೀಜನ್ ಸಿ. ಇಲ್ಲಿ ಕೊಂಡ ಪ್ಲೇಯರ್ ಡಿಸ್ಕನ್ನು ಉಗುಳುತ್ತದೆ. ರಿಮೋಟ್‌ನಲ್ಲಿ ಏನೇನೋ ಅಂಕಿ ಒತ್ತಿ ರೀಜನ್ ಬಿಡಿಸುವ ಸಲಹೆ ಡಿವಿಡಿಗೆ ನಡೆಯಬಹುದು, ಬ್ಲೂರೇಗೆ ನನ್ನ ಹತ್ತಿರ ನಡೆಯಲಿಲ್ಲ. ಸೆಕೆಂಡ್ ಹ್ಯಾಂಡ್ ಅಮೆರಿಕನ್ ಪ್ಲೇಯರ್ ನಾಲ್ಕು ಸಾವಿರ, 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಒಂದು ಸಾವಿರ. ಮುಗಿಯಿತು.

ಕೀಟನ್ ಕೊನೆಗಾಲದಲ್ಲಿ ಕೆನಡಾದಲ್ಲಿ ರೈಲು ಹಳಿ ಮೇಲೆ ಪುಟ್ಟ ಗಾಡಿ ಓಡಿಸಿದ ಚಿತ್ರೀಕರಣದ ಬಗ್ಗೆ 1965ರಲ್ಲಿ 'ಬಸ್ಟರ್ ಕೀಟನ್ ರೈಡ್ಸ್ ಅಗೇನ್' ಬಂತು. ಅದಕ್ಕೆ ಒಂದು ಪೈಸೆ ಹಾಕಬೇಡಿ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತನ್ನ ತಾಣದಲ್ಲಿ ಬಿಟ್ಟಿ ತೋರಿಸುತ್ತದೆ.

ಇಷ್ಟೆಲ್ಲದರ ನಡುವೆ ಇನ್ನೊಂದು ಹುಚ್ಚು ಹಿಡಿಯಿತು. 'ಅನ್‌ನೋನ್ ಚಾಪ್ಲಿನ್' ನಿಂತಿರುವುದೇ ಚಾಪ್ಲಿನ್ ಬಿಸಾಡಿದ ಶಾಟ್‌ಗಳ ಮೇಲೆ. ಶಾಟ್ ಶುರುವಿಗೆ ಕ್ಯಾಮೆರಾಗೆ ತೋರಿಸುವ ಸ್ಲೇಟಿನ ಸಂಖ್ಯೆ ಹಿಡಿದು ಬ್ರೌನ್‌ಲೋ, ಗಿಲ್ ಅವನ್ನು ಜೋಡಿಸಿದರು. ಮ್ಯೂಚುವಲ್ ಪೆಟ್ಟಿಗೆ ಕೈಗೆ ಬಂದ ಮೇಲೆ ಒಂದು ಪರದೆಯಲ್ಲಿ ಸಾಕ್ಷ್ಯಚಿತ್ರ, ಇನ್ನೊಂದರಲ್ಲಿ ಮುಗಿದ ಸಿನಿಮಾ ಹಾಕಿ ಕೂತೆ. 'ದಿ ಕ್ಯೂರ್' ಚಿತ್ರಕ್ಕೆ ಮೊದಮೊದಲು ತೆಗೆದ ಶಾಟ್‌ಗಳಲ್ಲಿ ಚಾಪ್ಲಿನ್, ಮುಗಿದ ಸಿನಿಮಾದಲ್ಲಿರುವಂತೆ, ಕುಡುಕನೇ ಅಲ್ಲ, ಗಾಲಿಕುರ್ಚಿ ತಳ್ಳುವ ಕೆಲಸದವನು. 'ದಿ ಇಮಿಗ್ರೆಂಟ್' ಹೋಟೆಲ್ ದೃಶ್ಯದಿಂದ ಹುಟ್ಟಿ, ಹಡಗು ಆಮೇಲೆ ಬಂದದ್ದು. ಪಕ್ಕಪಕ್ಕದಲ್ಲಿ ನೋಡುವಾಗ ಅವನು ದಾರಿ ತಪ್ಪುತ್ತಾ, ಮತ್ತೆ ಹಿಡಿಯುತ್ತಾ ಹೋಗುವುದು ಕಾಣುತ್ತದೆ. ಈ ಭಾಗಕ್ಕೆ ಕನ್ನಡ ಸಬ್‌ಟೈಟಲ್ ಕೂಡ ಮಾಡಿದೆ, ಅಮ್ಮನಿಗೋಸ್ಕರ. ಅಕ್ಕಿ ಡಬ್ಬದ ಸಿಟ್ಟು ಅಲ್ಲಿಗೆ ಇಳಿಯಿತು.

ಒಟ್ಟು ಖರ್ಚು ನಲವತ್ತೈದು, ಐವತ್ತು ಸಾವಿರದೊಳಗೆ. ಹೆಂಡತಿಗೆ ಹೇಳಿದ ಲೆಕ್ಕ ಬೇರೆ. ಅಮೆರಿಕದ ಕ್ಯಾಸೆಟ್‌ಗಳನ್ನು ಮೊದಲೇ ಬಿಟ್ಟಿದ್ದರೆ ಏಳೆಂಟು ಸಾವಿರ ಉಳಿಯುತ್ತಿತ್ತು. 'ಹಾಲಿವುಡ್' ಸರಣಿಯ 13 ಕಂತುಗಳಲ್ಲಿ ಹಾಸ್ಯದ ಕಂತು ಬಂದಿದೆ, ಮೊದಲ ಐದು ನಿಮಿಷ ಗೆರೆ ಗೆರೆ. ಇನ್ನೊಂದು ಕಾಪಿಗೆ ಮಾರುವವರು 60 ಪೌಂಡ್ ಹೇಳುತ್ತಿದ್ದಾರೆ, ನಾನು 15ಕ್ಕೆ ನಿಂತಿದ್ದೇನೆ. ಯಾರ ಹತ್ತಿರವಾದರೂ ಓಡುವ ಲೇಸರ್ ಡಿಸ್ಕ್ ಪ್ಲೇಯರ್ ಇದ್ದರೆ ಹೇಳಿ. ಟ್ರೇ ಎಳೆಯುವ ಬೆಲ್ಟ್ ಹೋಗಿದ್ದರೂ ಪರವಾಗಿಲ್ಲ.